ಡೇರೆಗಾಡಿಯ ಹಿಂದೆ ರೇಸಿನ ಕಾರು

ಟ್ರ್ಯಾಕಿಗಿಳಿದರೆ ನೊಕ್ವಾಜಿಗೆ ಭಯವೆಂಬುದೇ ಇರಲಿಲ್ಲ. ತಿರುವಿನಲ್ಲಿ ಪಕ್ಕದ ಕಾರು ಬಾಗಿಲಿಗೆ ಬಾಗಿಲು ಉಜ್ಜಿಕೊಂಡು ಹೋದರೂ ಅವಳು ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿರಲಿಲ್ಲ. ಆದರೆ ಅದೇ ರೇಸಿನ ಕಾರನ್ನು ಟ್ರೇಲರಿಗೆ ಹತ್ತಿಸಿ ಟ್ರ್ಯಾಕಿನವರೆಗೆ ಎಳೆದುಕೊಂಡು ಹೋಗಬೇಕೆಂದರೆ ಒಂದು ವಾರ ಮೊದಲಿನಿಂದಲೇ ಅವಳಿಗೆ ಊಟ ಸೇರುತ್ತಿರಲಿಲ್ಲ.

ಮೊದಲು ಹೀಗಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ಜೋಹಾನ್ಸ್‌ಬರ್ಗ್ ಕಡೆಯ ರೇಸು ಮುಗಿಸಿ ಪೀಟರ್‌ಮಾರಿಟ್ಸ್‌ಬರ್ಗಿಗೆ ಮರಳುವಾಗ, ವಾನ್ ರೀನನ್ ಘಾಟಿಯ ಇಳಿಜಾರಿನಲ್ಲಿ ಟ್ರೇಲರು ಬಾಲ ಆಡಿಸತೊಡಗಿತು. ಎಳೆಯುತ್ತಿದ್ದದ್ದು ಅವಳದೇ ಪುಟ್ಟ ಕಾರು. ಏರಿನಲ್ಲಿ ಅದು ಒಮ್ಮೆಯೂ ಉಸಿರುಗಟ್ಟಿರಲಿಲ್ಲ. ಇಳಿಜಾರು ಬಂದಾಗ ಮಾತ್ರ ಹಿಂದಿನ ಭಾರ ಮುಂದಿನದನ್ನು ಆಟಿಕೆಯಂತೆ ಅತ್ತಿತ್ತ ಎಸೆಯಿತು. ಏನಾಯಿತೆಂದು ತಿಳಿಯುವಷ್ಟರಲ್ಲಿ ಕಾರು ಬಂದ ದಾರಿಯ ಕಡೆಗೇ ಮುಖ ಮಾಡಿಕೊಂಡು ಹುಲ್ಲಿನ ಮೇಲೆ ನಿಂತಿತ್ತು. ಯಾರಿಗೂ ಗಾಯವಾಗಲಿಲ್ಲ. ಪಕ್ಕದಲ್ಲಿ ಕೂತಿದ್ದವಳು ಅವಳ ತಾಯಿ. ಕೇರಿಯವರು ತವರಿನ ಹೆಸರು ಹಿಡಿದು ಮಾಶೇಜಿ ಎಂದು ಕರೆಯುತ್ತಿದ್ದ ಆ ಮುದುಕಿ ಕೆಳಗಿಳಿದು, ತಲೆವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡು, ರಸ್ತೆಯ ಬದಿಯಲ್ಲಿ ಕೂತುಬಿಟ್ಟಳು.

ನೊಕ್ವಾಜಿ ಎಳೆಯುತ್ತಿದ್ದ ಆ ಪುಟ್ಟ ಕಾರನ್ನು ಮಾರಿಬಿಟ್ಟಳು. ರೇಸನ್ನು ಮಾತ್ರ ಬಿಡಲಾಗಲಿಲ್ಲ. ಜೋಹಾನ್ಸ್‌ಬರ್ಗ್ ಕಡೆಯದೇ ಆದ ಆಗಸ್ಟಿನ ರೇಸಿಗೆ ಹೆಸರು ಕೊಟ್ಟ ದಿನವೇ ತಾಯಿಗೆ ಹೇಳಿದಳು:

"ಈ ಸಲ ನೀನು ಬರಬೇಡಮ್ಮ. ನಾನೊಬ್ಬಳೇ ಹೋಗಿ ಬರ್ತೀನಿ."

"ನೀನು ಆ ರಸ್ತೇಲಿ ಹೋಗ್ತಿರ್ತೀಯ, ನಾನಿಲ್ಲಿ ಫೋನ್ ಹಿಡ್ಕೊಂಡು ಒಂದೊಂದು ಗಳಿಗೇನೂ ಸಾಯ್ಬೇಕಾ? ಬರ್ತೀನಿ. ಎಳೆಯೋ ಗಾಡಿ ಯಾವುದು ಅಂತ ನೀನು ನೋಡ್ಕೊ."

ಅಲ್ಲಿಂದ ಶುರುವಾಯಿತು ಅವಳ ಸಂಕಟ.

ಗಾಡಿಯಿದ್ದದ್ದು ಅಕ್ಕ ಫಿಂಡಿಲೆಯ ಗಂಡ ಜಖೇಲೆಯ ಬಳಿ. ಎತ್ತರದ ಹೊಸ ಜೀಪು, ಕನ್ನಡಿಯಂಥ ಕಪ್ಪು ಬಣ್ಣ. ಭಾನುವಾರ ಚರ್ಚಿಗೆ ಅದನ್ನು ತಂದರೆ ಅವರ ಎಡೆಂಡೇಲ್ ಊರಿನ ಅರ್ಧ ಜನ ತಿರುಗಿ ನೋಡುತ್ತಿದ್ದರು. ವಿಷಯ ಕಿವಿಗೆ ಬಿದ್ದದ್ದೇ ಅವನು ಬೀಗದ ಕೈ ಆಡಿಸುತ್ತ ಬಂದ.

"ನಾನಿರೋವಾಗ ಬೇರೆಯವರ ಬಾಗಿಲಿಗೆ ಯಾಕೆ ಹೋಗ್ತೀಯ? ಇದು ಆನೇನ ಕಟ್ಟಿದ್ರೂ ಎಳೆಯುತ್ತೆ."

"ಎಳೆಯುತ್ತೆ ಭಾವ. ಹಿಡ್ಕೊಳ್ಳುತ್ತಾ?"

"ಅಂದ್ರೆ?"

"ಎಳೆಯೋ ಶಕ್ತಿ ಬೇರೆ, ಹಿಡಿಯೋ ತೂಕ ಬೇರೆ. ಹಿಂದಿನದು ತಳ್ಳೋಕೆ ಶುರು ಮಾಡಿದಾಗ ಮುಂದಿನದು ಕಾಲೂರಿ ನಿಲ್ಲಬೇಕು."

ಜಖೇಲೆಯ ಮುಖ ಸಣ್ಣದಾಯಿತು. "ನಿನಗೆ ಬೇಡ ಅಂದ್ರೆ ಬೇಡ ಅನ್ನು. ನನ್ನ ಗಾಡಿಗೆ ಹೆಸರಿಡಬೇಡ."

ಬೇಡವೆಂದರೆ ಅಕ್ಕನ ಮನೆಯಲ್ಲಿ ಆರು ತಿಂಗಳು ಮಾತು ನಿಲ್ಲುತ್ತದೆ. ಬೇಕೆಂದರೆ ಆ ಘಾಟಿ ಕಣ್ಣ ಮುಂದೆ ಬರುತ್ತದೆ. ಎರಡು ದಿನ ತಳಮಳಿಸಿ ನೊಕ್ವಾಜಿ ಒಂದು ದಾರಿ ಹುಡುಕಿದಳು. "ಒಂದ್ಸಲ ಟೌನ್ ಹಿಲ್ ಗುಡ್ಡ ಹತ್ತಿ ಇಳಿಯೋಣ ಭಾವ. ನೀವೇ ಓಡಿಸಿ. ನಾನು ಪಕ್ಕದಲ್ಲಿ ಕೂರ್ತೀನಿ."

ಟ್ರೇಲರು ಕಟ್ಟಿ ರೇಸಿನ ಕಾರನ್ನು ಹತ್ತಿಸಿದಾಗ ಜೀಪಿನ ಹಿಂಭಾಗ ತಗ್ಗಿತು, ಮೂಗು ಆಕಾಶ ನೋಡಿತು. ನೊಕ್ವಾಜಿ ಬಗ್ಗಿ ನೋಡಿದಳು. ಟ್ರೇಲರು ಸಿಕ್ಕಿಸುವ ಗುಂಡು ಹಿಂದಿನ ಚಕ್ರಗಳಿಂದ ತುಂಬ ದೂರ ಚಾಚಿಕೊಂಡಿತ್ತು. ಆ ಉದ್ದದ ತುದಿಯಲ್ಲಿ ಸಣ್ಣ ತಳ್ಳು ಬಿದ್ದರೂ ಮುಂದೆ ದೊಡ್ಡದಾಗಿ ತಾಗುತ್ತದೆ. ಅವಳು ಹೋಗಿ ಪಕ್ಕದ ಸೀಟಿನಲ್ಲಿ ಕೂತಳು.

ಏರಿನಲ್ಲಿ ಜೀಪು ಹಾಡುತ್ತ ಹೋಯಿತು. ಜಖೇಲೆ ಲಾರಿಗಳನ್ನು ಹಿಂದೆ ಹಾಕುತ್ತ, "ಈಗೇನಂತೀಯ?" ಎಂದು ಎರಡು ಸಲ ಕೇಳಿದ. ಗುಡ್ಡದ ಮೇಲಿನ ಹಿಲ್ಟನ್‌ನಲ್ಲಿ ತಿರುಗಿಸಿಕೊಂಡು ಇಳಿಯತೊಡಗಿದರು. ಮೊದಲ ಉದ್ದನೆಯ ಇಳಿಜಾರಿನಲ್ಲಿ ಒಂದು ದೊಡ್ಡ ಲಾರಿ ಪಕ್ಕದಿಂದ ಹಾದುಹೋಯಿತು. ಅದರ ಗಾಳಿ ಬಡಿದದ್ದೇ ತಡ, ಸೀಟಿನ ಕೆಳಗೆ ಯಾರೋ ಮೆಲ್ಲಗೆ ಚಾಪೆ ಎಳೆದಂತಾಯಿತು. ಆಮೇಲೆ ಇನ್ನೊಂದು ಕಡೆಗೆ. ಮತ್ತೆ ಈ ಕಡೆಗೆ, ಇನ್ನೂ ಜೋರಾಗಿ.

ನೊಕ್ವಾಜಿ ಜಖೇಲೆಯ ಕಾಲು ಬ್ರೇಕಿನ ಕಡೆ ಹೋದದ್ದನ್ನು ಕಂಡಳು.

"ಬ್ರೇಕ್ ಒತ್ಬೇಡಿ ಭಾವ. ಆಕ್ಸಿಲರೇಟರ್ ಬಿಟ್ಟುಬಿಡಿ. ಸ್ಟೇರಿಂಗ್ ನೆಟ್ಟಗೆ ಹಿಡ್ಕೊಳ್ಳಿ, ತಿರುಗಿಸ್ಬೇಡಿ. ಹಾಗೇ ಇರಿ. ಹಾಗೇ."

ಅವಳ ದನಿ ತಣ್ಣಗಿತ್ತು. ಮಡಿಲಲ್ಲಿ ಕೈಗಳು ಮಾತ್ರ ಒಂದನ್ನೊಂದು ಹಿಸುಕುತ್ತಿದ್ದವು. ಬಾಲದಾಟ ನಿಧಾನವಾಗಿ ಸಣ್ಣದಾಗುತ್ತ ನಿಂತಿತು. ಜಖೇಲೆ ಬದಿಗೆ ಹಾಕಿ ಎಂಜಿನ್ ಆರಿಸಿದ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮನೆ ಮುಟ್ಟುವವರೆಗೂ ಅವನು ಲಾರಿಗಳ ಹಿಂದೆಯೇ ಹೋದ.

ಉಳಿದದ್ದು ಒಂದೇ ಗಾಡಿ: ಸೋದರಮಾವ ಭೇಕಾನಿಯದು. ಮದುವೆಗೆ, ಸಾವಿಗೆ ಡೇರೆ ಹಾಕುವುದು ಅವನ ಕಸುಬು. ಕಬ್ಬಿಣದ ಕಂಬ, ಕ್ಯಾನ್ವಾಸು, ಕುರ್ಚಿ ಹೊತ್ತು ಹೊತ್ತು ಗಟ್ಟಿಯಾದ ಹಳೆಯ ಡೀಸೆಲ್ ಬಕ್ಕಿ ಅದು, ಹಿಂದೆ ತೆರೆದ ತೊಟ್ಟಿಯ ಸಾಮಾನಿನ ಗಾಡಿ. ಉದ್ದನೆಯ ಮೈ, ಗಡಸು ಸ್ಪ್ರಿಂಗು. ಟ್ರೇಲರಿಗಿಂತ ಹೆಚ್ಚು ತೂಕವಿತ್ತು. ವೇಗವೆಂಬುದು ಅದರ ಜಾತಕದಲ್ಲೇ ಇರಲಿಲ್ಲ.

ಭೇಕಾನಿ ತಲೆ ಕೆರೆದುಕೊಂಡ. "ಕೊಡ್ತಿದ್ದೆ ಕಣೇ. ಶುಕ್ರವಾರ ನ್ಗುಬಾನೆಯವರ ಮನೇಲಿ ಜಾಗರಣೆ, ಶನಿವಾರ ಮಣ್ಣು. ಡೇರೆ ಹೊರೋರು ಯಾರು?"

"ಬೇರೆ ಗಾಡಿ ಸಿಗಲ್ವಾ ಮಾಮ?"

"ಶನಿವಾರ ಇಡೀ ಊರಲ್ಲಿ ಮಣ್ಣೇ. ಸತ್ತೋರಿಗೆ ಮುಂದಿನ ವಾರ ಬಾ ಅನ್ನೋಕಾಗುತ್ತಾ?"

ನೊಕ್ವಾಜಿ ಮನೆಗೆ ಬಂದು ಮೆಕ್ಕೆಜೋಳದ ಹಿಟ್ಟು ಬೇಯಿಸಿದ ಫುಥು, ಮೊಸರು ಇದ್ದ ತಟ್ಟೆಯನ್ನು ಹಾಗೇ ಸರಿಸಿದಳು. ಹೆಸರು ವಾಪಸು ತೆಗೆದುಕೊಳ್ಳಲೆಂದು ರೇಸಿನವರಿಗೆ ಫೋನು ಮಾಡಲು ಹೋದಳು, ಮಾಡಲಿಲ್ಲ. ಜೀಪನ್ನೇ ಒಯ್ದು ನಿಧಾನಕ್ಕೆ ಹೋದರೆ ಹೇಗೆ ಎಂದುಕೊಂಡಳು. ತಾಯಿ ಒಳಗೆ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದುದು ಕೇಳಿಸಿ ಆ ಯೋಚನೆಯನ್ನೂ ಬಿಟ್ಟಳು.

ಬುಧವಾರ ಸಂಜೆ ಅವಳು ಮತ್ತೆ ಮಾವನ ಅಂಗಳಕ್ಕೆ ಹೋದಾಗ ಕಪ್ಪು ಜೀಪು ಅಲ್ಲಿ ನಿಂತಿತ್ತು. ಜಖೇಲೆ ನೆಲ ನೋಡುತ್ತ ಕೇಳುತ್ತಿದ್ದ:

"ಮಾಮ, ಈ ಡೇರೆ ಕಂಬ ಎಷ್ಟುದ್ದ ಇರುತ್ತೆ?"

"ಯಾಕಪ್ಪ?"

"ನ್ಗುಬಾನೆಯವರ ಮನೆ ಇಲ್ಲೇ ಕೆಳಗಲ್ವಾ. ನಿಮ್ಮ ಸಣ್ಣ ಟ್ರೇಲರಿಗೆ ಕಂಬ ಹಾಕಿ, ಕುರ್ಚಿ ನನ್ನ ಜೀಪಿನೊಳಗೆ ತುಂಬಿ ಮೂರ್ನಾಲ್ಕು ಸಲ ಓಡಾಡಿದ್ರೆ ಆಗುತ್ತೆ. ಬಕ್ಕಿ ಇವಳು ಒಯ್ಯಲಿ."

ಭೇಕಾನಿ ಕಣ್ಣು ಕಿರಿದು ಮಾಡಿದ. "ಹೆಣದ ಡೇರೆ ಅಪ್ಪ ಇದು. ಚರ್ಚಿಗೆ ಹೋಗೋ ಗಾಡೀಲಿ?"

"ಫಿಂಡಿಲೆನೂ ಹಾಗೇ ಅಂದ್ಲು," ಎಂದ ಜಖೇಲೆ. ನೊಕ್ವಾಜಿಯ ಕಡೆ ನೋಡದೆ ಸೇರಿಸಿದ: "ಆವತ್ತು ಗುಡ್ಡದ ಮೇಲೆ ಪಕ್ಕದಲ್ಲಿ ಇವಳಿರ್ಲಿಲ್ಲ ಅಂದಿದ್ರೆ, ಇಷ್ಟೊತ್ತಿಗೆ ನಮ್ಮನೆ ಮುಂದೇನೇ ನೀವು ಡೇರೆ ಹಾಕ್ಬೇಕಿತ್ತು."

ನೊಕ್ವಾಜಿ ಅವನ ತೋಳು ಮುಟ್ಟಿದಳು. ಅವನು "ಸರಿ, ಸರಿ" ಎಂದು ಜೀಪಿನ ಹಿಂದಿನ ಸೀಟು ಮಡಚಲು ಹೋದ.

ಶುಕ್ರವಾರ ಬೆಳಿಗ್ಗೆ ತಾಯಿ ಮಗಳು ಬಕ್ಕಿಯಲ್ಲಿ ಹೊರಟರು. ಕಾರನ್ನು ಟ್ರೇಲರಿನ ಮೇಲೆ ಒಂದು ಗೇಣು ಮುಂದಕ್ಕೆ ಸರಿಸಿ ಕಟ್ಟಿದ್ದಳು. ಕೊಂಡಿಯ ಮೇಲೆ ಸ್ವಲ್ಪ ಭಾರ ಬಿದ್ದಿದ್ದರೆ ಬಾಲ ಆಡುವುದಿಲ್ಲ. ಮೂಯ್ ರಿವರ್, ಎಸ್ಟ್‌ಕೋರ್ಟ್ ದಾಟಿದರು. ಘಾಟಿ ಹತ್ತುವಾಗ ಬಕ್ಕಿ ಲಾರಿಗಳ ಹಿಂದೆ ಅವುಗಳಂತೆಯೇ ಏದುಸಿರು ಬಿಡುತ್ತ ತೆವಳಿತು. ಮಾಶೇಜಿ ಆ ಹುಲ್ಲಿನ ಜಾಗ ಬಂದಾಗ ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡಳು.

ಹ್ಯಾರಿಸ್ಮಿತ್ ದಾಟಿ ಬಯಲಿಗೆ ಬಂದಾಗ ಗಾಳಿ ಎದ್ದಿತು. ಆಗಸ್ಟಿನ ಅಡ್ಡಗಾಳಿ, ಕೆಂಧೂಳು ಹೊತ್ತು ರಸ್ತೆಗೆ ಅಡ್ಡಲಾಗಿ ಬೀಸುತ್ತಿತ್ತು. ಬಕ್ಕಿ ಅಲುಗಲಿಲ್ಲ. ಆದರೂ ಪ್ರತಿ ಹೊಡೆತಕ್ಕೂ ನೊಕ್ವಾಜಿಯ ಕಣ್ಣು ಹಿಂದಿನ ಕನ್ನಡಿಗೆ ಹೋಗುತ್ತಿತ್ತು. ಟ್ರೇಲರು ನೆಟ್ಟಗೇ ಬರುತ್ತಿತ್ತು. ಮುಂದೆ ಒಂದು ಖಾಲಿ ಲಾರಿ ವಾಲಿಕೊಂಡು ಹೋಗುತ್ತಿದ್ದುದನ್ನು ಕಂಡಾಗ ಅವಳು ವೇಗ ಇನ್ನೂ ತಗ್ಗಿಸಿದಳು. ಸಂಜೆಯೊಳಗೆ ಮುಟ್ಟದಿದ್ದರೆ, ರೇಸು ಹೊರಡುವ ಸಾಲಿನಲ್ಲಿ ಯಾರ ಜಾಗ ಎಲ್ಲಿ ಎಂದು ಗೊತ್ತುಮಾಡುವ ಸಮಯದ ಓಟ ತಪ್ಪುತ್ತದೆ, ಆಗ ಕೊನೆಯ ಜಾಗವೇ.

"ಅಮ್ಮ, ಗಾಡಿ ಏನೋ ಸರಿಯಾಗೇ ಇದೆ. ನನಗೇ ಆಗ್ತಿಲ್ಲ."

"ಹಾಗಾದ್ರೆ ನಿಲ್ಸು."

"ನಿಲ್ಸಿದ್ರೆ ಕೊನೇಲಿ ನಿಲ್ಲಬೇಕಾಗುತ್ತೆ."

"ಕೊನೇಲಿ ನಿಂತೋರು ಯಾರೂ ಸತ್ತಿಲ್ಲ. ನಿಲ್ಸು ಅಂದೆ."

ಲಾರಿಗಳು ತಂಗುವ ಕಡೆ ನಿಲ್ಲಿಸಿದಳು. ಮಾಶೇಜಿ ಬಟ್ಟೆಯ ಗಂಟು ಬಿಚ್ಚಿ ಆವಿಯಲ್ಲಿ ಬೇಯಿಸಿದ ರೊಟ್ಟಿ, ಕೋಳಿ ತೆಗೆದಳು. ವಾರದಿಂದ ಸರಿಯಾಗಿ ಉಣ್ಣದ ನೊಕ್ವಾಜಿ ಎರಡು ತುಂಡು ತಿಂದು ಮೂರನೆಯದಕ್ಕೆ ಕೈ ಚಾಚಿದಳು. ಗಾಳಿ ಇಳಿಯುವಷ್ಟರಲ್ಲಿ ಸೂರ್ಯ ವಾಲಿದ್ದ. ಅವರು ಟ್ರ್ಯಾಕು ಮುಟ್ಟಿದಾಗ ಗೇಟಿನವನು ತಲೆಯಾಡಿಸಿದ. ಸಮಯದ ಓಟ ಮುಗಿದಿತ್ತು.

ಮರುದಿನ ಎಲ್ಲರ ಹಿಂದಿನಿಂದ ಹೊರಟು ಎಂಟನೆಯವಳಾಗಿ ಬಂದಳು. ಕೊನೆಯ ಸುತ್ತಿನಲ್ಲಿ ಇಬ್ಬರನ್ನು ಒಟ್ಟಿಗೆ ಹಿಂದೆ ಹಾಕಿದ್ದನ್ನು ನೋಡಿ ಪಕ್ಕದ ತಂಡದವರು ಚಪ್ಪಾಳೆ ತಟ್ಟಿದರು. ಮಾಶೇಜಿ ಅದನ್ನು ನೋಡಲಿಲ್ಲ, ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಭಾನುವಾರ ಮಧ್ಯಾಹ್ನ ಘಾಟಿಯ ತಲೆಯಲ್ಲಿ ನೊಕ್ವಾಜಿ ಗೇರು ಇಳಿಸಿದಳು. ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿತು. ಹಿಂದಿನಿಂದ ಕಾರುಗಳು ಹಾರ್ನ್ ಮಾಡಿದವು, ಅವಳು ಕೇಳಿಸಿಕೊಳ್ಳಲಿಲ್ಲ. ತಿರುವಿನ ನಂತರ ತಿರುವು ಕೆಳಗಿಳಿಯಿತು. ಕನ್ನಡಿಯಲ್ಲಿ ಟ್ರೇಲರು ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ, ಗೋಡೆಗೆ ಮೊಳೆ ಹೊಡೆದ ಪಟದಂತೆ ಇತ್ತು.

ರಸ್ತೆ ಸಮವಾದಾಗ ತಾಯಿ ಕೇಳಿದಳು:

"ಇಳಿದು ಮುಗೀತಾ?"

"ಮುಗೀತಮ್ಮ."

"ಹಾಗಾದ್ರೆ ಎಲ್ಲಾದ್ರೂ ನಿಲ್ಸು ಮಾರಾಯ್ತಿ. ಮೇಲಿಂದ ತಡ್ಕೊಂಡು ಕೂತಿದೀನಿ."