ಬಿದ್ದದ್ದು ಎಲ್ಲಿ, ಒಬ್ದುಲಿಯಾ?

ಪೀಚ್ ಹಣ್ಣಿನ ಕಾಲ ಬಂತೆಂದರೆ ಯಾರಾದರೊಬ್ಬರು ಏಣಿಯಿಂದ ಬೀಳುವುದು, ಮೇಸ್ತ್ರಿ ಬಂದು ಕಿವಿಯಲ್ಲಿ ಪಿಸುಗುಟ್ಟುವುದು, ಕ್ಯಾಲಿಫೋರ್ನಿಯಾದ ಈ ಕಣಿವೆಯ ತೋಟಗಳಲ್ಲಿ ಹೊಸದೇನಲ್ಲ. ಆದರೆ ಈ ಸಲ ಬಿದ್ದವಳು ಒಬ್ದುಲಿಯಾ! ಮೆಕ್ಸಿಕೋದ ಓಹಾಕಾದ ಬೆಟ್ಟದಿಂದ ಇಳಿದು ಬಂದು, ಹತ್ತೊಂಬತ್ತು ವರ್ಷ ಮೂರು ಕಾಲಿನ ಏಣಿಯ ಮೇಲೆಯೇ ಬಾಳಿದವಳು. ಹಣ್ಣಿಗೆ ಉಗುರು ತಾಗಿಸಿದವಳಲ್ಲ, ಒಮ್ಮೆಯೂ ಜಾರಿದವಳಲ್ಲ. ಏಣಿಯ ಮೂರನೇ ಮೆಟ್ಟಿಲೇ ಕಿತ್ತು ಬಂದರೆ ಅವಳಾದರೂ ಏನು ಮಾಡಿಯಾಳು? ಬಲಗೈ ಮಣಿಕಟ್ಟು ಬದನೆಕಾಯಿಯಂತೆ ಊದಿತು.

ಮೇಸ್ತ್ರಿ ಚೆಮಾ ಓಡಿಬಂದ. "ಡಾಕ್ಟ್ರು ಕೇಳಿದ್ರೆ ಮನೇಲಿ ಬಿದ್ದೆ ಅನ್ನು. ತೋಟದ ಹೆಸರು ಎತ್ತಿದ್ಯೋ, ನಿನ್ನ ಹತ್ರ ಈ ದೇಶದಲ್ಲಿರೋ ಕಾಗದ ಇಲ್ಲ ಅಂತ ವಲಸೆ ಪೊಲೀಸ್ರಿಗೆ ಗೊತ್ತಾಗುತ್ತೆ, ನೋಡ್ಕೋ!"

ಸಂಜೆ ಟ್ರೇಲರ್ ಮನೆಯಲ್ಲಿ ಗಂಡ ಫಿಡೆನ್ಸಿಯೊ ಸೊಟ್ಟಸೊಟ್ಟ ತೋರ್ತಿಯಾ ರೊಟ್ಟಿ ಸುಡುತ್ತಿದ್ದ.

"ಅವನು ಹೇಳಿದ ಹಾಗೇ ಹೇಳಿಬಿಡೋಣ ಕಣೇ. ಯಾಕೆ ಬೇಕು ಊರ ಉಸಾಬರಿ?"

"ಮನೇಲಿ ಬಿದ್ದೆ ಅಂತಾನಾ?" ಒಬ್ದುಲಿಯಾಗೆ ಕೈ ನೋವಿಗಿಂತ ಈ ಮಾತೇ ಹೆಚ್ಚು ಉರಿಯಿತು. "ಈ ಮನೆಗಿರೋದು ಒಂದೇ ಮೆಟ್ಟಿಲು! ಹನ್ನೆರಡು ಅಡಿ ಏಣಿ ಹತ್ತೋಳು ಇದ್ರಿಂದ ಬಿದ್ಲು ಅಂದ್ರೆ ಪಕ್ಕದ್ಮನೆ ಕೋಳಿನೂ ನಗುತ್ತೆ."

ಅಷ್ಟರಲ್ಲಿ ಈ ಮಾತು ಕೇಳಿಸಿಕೊಂಡೇ ಅಂಪಾರೊ ಬೀನ್ಸ್ ಪಾತ್ರೆ ಹಿಡಿದು ಒಳಬಂದಳು. ಅವಳು ಇವರ ಮಗಳ ಧರ್ಮತಾಯಿ; ಆ ನಂಟಿನಿಂದ ಇವಳನ್ನು ಕೊಮಾದ್ರೆ, ಅವನನ್ನು ಕೊಂಪಾದ್ರೆ ಎಂದೇ ಕರೆಯುವವಳು. ಊರಿನ ಆಸ್ಪತ್ರೆಯ ಪರವಾಗಿ ಮನೆಮನೆಗೆ ಹೋಗಿ ತಿಳಿವಳಿಕೆ ಹೇಳುವುದು ಅವಳ ಕೆಲಸ.

"ಮನೇಲಿ ಬಿದ್ದೆ ಅಂದ್ಯೋ, ಈ ಕೈಯ ಖರ್ಚೆಲ್ಲ ನಿಂದೇ, ಕೊಮಾದ್ರೆ. ಕೆಲಸದಲ್ಲಿ ಬಿದ್ದೆ ಅಂದ್ರೆ ಚಿಕಿತ್ಸೆ ಖರ್ಚು ಮಾಲೀಕರ ವಿಮೇದು. ಡಾಕ್ಟ್ರು ಕೆಲಸ ಬೇಡ ಅಂದಷ್ಟು ದಿನ ಕೂಲಿಯ ಒಂದು ಪಾಲೂ ಸಿಗ್ಬಹುದು."

"ಅದೆಲ್ಲ ಕಾಗದ ಇದ್ದೋರಿಗೆ," ಎಂದ ಫಿಡೆನ್ಸಿಯೊ.

"ಅಲ್ಲ ಕೊಂಪಾದ್ರೆ. ಈ ರಾಜ್ಯದ ಕಾರ್ಮಿಕ ಕಾನೂನು ದುಡಿದ ಕೈ ನೋಡುತ್ತೆ, ಕಾಗದ ನೋಡಲ್ಲ."

"ಅರಿಜೋನಾದಲ್ಲಿ ಕಾಗದ ಇದ್ಯಾ ಅಂತ ನನ್ನ ತಮ್ಮನ ಹೆಸರನ್ನ ಕಂಪ್ಯೂಟರಲ್ಲಿ ಹುಡುಕಿ, ಕೆಲಸಾನೇ ಇಲ್ಲ ಅಂದ್ರು!"

"ಅದು ಆ ರಾಜ್ಯದ ಕಾನೂನು. ತಮ್ಮನ ಊರಲ್ಲಿ ಮಳೆ ಬಂದ್ರೆ ನೀನಿಲ್ಲಿ ಛತ್ರಿ ಬಿಚ್ತೀಯಾ?"

ಒಬ್ದುಲಿಯಾ ಕಿಸಕ್ಕನೆ ನಕ್ಕಳು. ಆದರೂ ಕೇಳಿದಳು, "ವಲಸೆ ಪೊಲೀಸ್ರಿಗೆ ಗೊತ್ತಾಗುತ್ತೆ ಅಂತ ಚೆಮಾ ಹೆದರಿಸಿದ್ನಲ್ಲ?"

"ಹಕ್ಕು ಕೇಳಿದೋರನ್ನ ವಲಸೆ ಪೊಲೀಸ್ರ ಹೆಸರಲ್ಲಿ ಹೆದರಿಸೋದೇ ಇಲ್ಲಿ ಕಾನೂನಿಗೆ ವಿರುದ್ಧ. ಸುಳ್ಳು ಆಸೆ ತೋರಿಸಲ್ಲಮ್ಮ, ಈ ಕಾನೂನು ನಿಂಗೆ ಕಾಗದ ಕೊಡಲ್ಲ. ಕೈ ಉಳಿಸ್ಕೊಡುತ್ತೆ. ಗಾಯವಾದ ಮೂವತ್ತು ದಿನದೊಳಗೆ ಮಾಲೀಕರಿಗೆ ಬರೆದು ತಿಳಿಸ್ಬೇಕು. ಅವರು ಒಂದೇ ಕೆಲಸದ ದಿನದೊಳಗೆ ನಿಂಗೆ ಪರಿಹಾರದ ಅರ್ಜಿ ನಮೂನೆ ಕೊಡ್ಬೇಕು."

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಪೆನ್ನು ಹಿಡಿದು ಕೇಳಿದರು, "ಬಿದ್ದದ್ದು ಎಲ್ಲಿ?"

ಫಿಡೆನ್ಸಿಯೊ ಟೋಪಿ ಹಿಂಡುತ್ತ ನೆಲ ನೋಡಿದ. ಈ ಕೈ ಹೋದರೆ ಒಬ್ದುಲಿಯಾಳ ಕಸುಬೇ ಹೋದಂತೆ. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು.

"ತೋಟದಲ್ಲಿ, ಕೆಲಸ ಮಾಡ್ತಾ. ನಾನಾಗಿ ಬಿದ್ದಿಲ್ಲ ಡಾಕ್ಟ್ರೇ, ಮುರುಕಲು ಏಣಿ ಬೀಳಿಸ್ತು. ಹಾಗೇ ಬರ್ಕೊಳ್ಳಿ."

ಫಿಡೆನ್ಸಿಯೊ ತಲೆ ಎತ್ತಿದ. ಹೆಮ್ಮೆ ತಡೆಯಲಾಗಲಿಲ್ಲ ಅವನಿಗೆ. "ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲನೇ ಸಲ ಅಂತಾನೂ ಬರೀರಿ!"

ಮಾಲೀಕರಿಗೆ ಬರೆದು ತಿಳಿಸಿದ್ದಾಯಿತು, ಅರ್ಜಿ ಬಂತು, ವಿಮೆಯ ಖರ್ಚಿನಲ್ಲಿ ಚಿಕಿತ್ಸೆ ಸಿಕ್ಕಿತು, ಮಣಿಕಟ್ಟು ವಾಸಿಯಾಯಿತು. ಮುಂದಿನ ಪೀಚ್ ಕಾಲಕ್ಕೆ ತೋಟಕ್ಕೆ ಹೊಸ ಏಣಿಗಳೂ ಬಂದವು. ಒಬ್ದುಲಿಯಾ ಒಂದೊಂದೇ ಮೆಟ್ಟಿಲನ್ನು ತುಳಿದು ನೋಡಿ ಹತ್ತಿದಳು. ಅವಳನ್ನು ನೋಡಿ ಉಳಿದ ಹೆಂಗಸರೂ ತುಳಿದು ನೋಡಿದರು. ಚೆಮಾ ಏಣಿ ಹಿಡಿದು ನಿಂತಿದ್ದ, ಬಾಯಿಗೆ ಬೀಗ ಹಾಕಿಕೊಂಡು.

ಅಕ್ಕಂದಿರೇ, ಅಣ್ಣಂದಿರೇ, ಈ ರಾಜ್ಯದಲ್ಲಿ ದುಡಿಯುವಾಗ ಗಾಯವಾದರೆ ಕಾಗದವಿಲ್ಲವೆಂದು ಬಾಯಿ ಮುಚ್ಚಬೇಡಿ. ಕೂಡಲೇ ಮಾಲೀಕರಿಗೆ ಬರೆದು ತಿಳಿಸಿ, ಅರ್ಜಿ ಕೇಳಿ ಪಡೆದು ತುಂಬಿಕೊಡಿ. ಬಿದ್ದದ್ದು ಎಲ್ಲಿ ಎಂದು ಡಾಕ್ಟರು ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿ. ಪಾಪ, ನಿಮ್ಮ ಮನೆಯ ಮೆಟ್ಟಿಲು ಯಾವ ತಪ್ಪೂ ಮಾಡಿಲ್ಲ.