ಹೊಂಗೆ ಮರದ ಬುಡಕ್ಕೆ ಹೋದ ಕಾಫಿ

ಮಾಲಿನಿ ಸಂತೆಗೆ ಹೋಗುತ್ತಿದ್ದುದೇ ಸಂತೆ ಏಳುವ ಹೊತ್ತಿಗೆ. ಸುತ್ತಲ ಹಳ್ಳಿಗಳಿಂದ ಬೇಲೂರಿಗೆ ಹೊರೆ ಹೊತ್ತು ಬಂದವರು, ಉಳಿದ ಬದನೆಕಾಯನ್ನು ಮತ್ತೆ ಹೊತ್ತು ಊರಿಗೆ ಹೋಗಬೇಕಲ್ಲ ಎಂದು ಬೇಸರಪಟ್ಟು ಕಡೇ ಬಸ್ಸಿನ ದಾರಿ ನೋಡುತ್ತಿರುವಾಗ ಇವಳು ಚೀಲ ಹಿಡಿದು ಅವರ ಮುಂದೆ ನಿಲ್ಲುತ್ತಿದ್ದಳು. ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುತ್ತಿದ್ದಳು. ಬೇಳೆ ಅರ್ಧ ಬೆಂದ ಕೂಡಲೇ ಸೀಮೆಎಣ್ಣೆ ಸ್ಟವ್ ಆರಿಸಿ, ಪಾತ್ರೆಗೆ ಹಳೇ ಕಂಬಳಿ ಸುತ್ತಿ ಮೂಲೆಯಲ್ಲಿಟ್ಟರೆ ಮಿಕ್ಕಿದ್ದು ತಾನಾಗಿಯೇ ಬೇಯುತ್ತಿತ್ತು. ಇದರಲ್ಲಿ ಅವಳಿಗೆ ಕಷ್ಟವೇನೂ ಕಾಣುತ್ತಿರಲಿಲ್ಲ. ಚೌಕಾಬಾರದಲ್ಲಿ ಎದುರಿನವರ ಕಾಯಿ ಹೊಡೆದವರ ಮುಖದಲ್ಲಿರುವಂಥ ಗೆಲುವು ಅವಳ ಮುಖದಲ್ಲಿರುತ್ತಿತ್ತು.

ಆ ವರ್ಷ ಆಟಕ್ಕೆ ಒಂದು ಗುರಿಯೂ ಇತ್ತು. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಏಜೆನ್ಸಿಯಿಂದ ಕಾರ್ಡು ಬಂದಿತ್ತು. ಯುಗಾದಿಯೊಳಗೆ ಡಿಪಾಸಿಟ್ ಕಟ್ಟಿ ಒಲೆ ತೆಗೆದುಕೊಳ್ಳದಿದ್ದರೆ ಸರದಿ ಮುಂದಿನವರಿಗೆ ಹೋಗುತ್ತದೆ. ಸ್ಟವ್ ಹೊಗೆಗೆ ಗೋಡೆಯ ಮೇಲಿದ್ದ ಬುದ್ಧನ ಪಟವೂ ಮಂಕಾಗಿತ್ತು. ಮಾಡಿದ್ದಕ್ಕೆಲ್ಲ, ಕಾಫಿಗೂ, ಸೀಮೆಎಣ್ಣೆಯದೊಂದು ಸಣ್ಣ ವಾಸನೆ ಇರುತ್ತಿತ್ತು. ಕಾಫಿಗೆ ಅತ್ತೆ ದೇವೀರಮ್ಮನ ಕೈವಾಡವೂ ಸೇರಿತ್ತು. ಗೆಂಡೆಹಳ್ಳಿಯಿಂದ ಮಗನ ಮನೆಗೆ ಬಂದಾಗಿನಿಂದ ಆಕೆ ರಾಗಿಯನ್ನು ಕಪ್ಪಗೆ ಹುರಿದು, ಬೀಸಿ, ಕಾಫಿಪುಡಿಗೆ ಬೆರೆಸುತ್ತಿದ್ದಳು. ಕಾಫಿಪುಡಿ ತಿಂಗಳ ಕೊನೆಯವರೆಗೂ ಬರುತ್ತಿತ್ತು. ಹೊಟ್ಟೆಗೂ ತಂಪು ಅನ್ನುತ್ತಿದ್ದಳು.

ಇಷ್ಟೆಲ್ಲ ಬಿಗಿಮಾಡಿದರೂ ದುಡ್ಡು ಒಂದು ಕಡೆ ಸೋರುತ್ತಿತ್ತು. ಆ ತೂತು ಗಂಡ ಭೀಮರಾಜ್.

ಭೀಮರಾಜ್ ಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ದಿನವೂ ಹನ್ನೊಂದರ ಹೊತ್ತಿಗೆ ಜೊತೆಯವರನ್ನೆಲ್ಲ ಎಬ್ಬಿಸಿಕೊಂಡು ಎದುರಿನ ಹೋಟೆಲಿಗೆ ಹೋಗುತ್ತಿದ್ದ. ಕಾಫಿ, ಒಂದೊಂದು ಸಲ ವಡೆ. ಯಾರೂ ಜೇಬಿಗೆ ಕೈಹಾಕುವ ಮೊದಲೇ ಬಿಲ್ಲು ಕೊಟ್ಟು ಬರುತ್ತಿದ್ದ. ಧಾರಾಳಿ ಎಂದು ಹೆಸರಾಗಿತ್ತು. ಇದರಿಂದ ಹೆಚ್ಚು ಲಾಭ ಪಡೆದವರು ಹಿರಿಯ ಗುಮಾಸ್ತರಾದ ಗಂಗಾಧರಯ್ಯ. ಹುಲಿಕೆರೆಯಲ್ಲಿ ಒಳ್ಳೆಯ ತೆಂಗಿನ ತೋಟವಿದ್ದ ಈ ಮನುಷ್ಯ ಹಳೆಯ ಲಕೋಟೆಗಳನ್ನು ಬಿಚ್ಚಿ, ಮಗುಚಿ, ಮತ್ತೆ ಅಂಟಿಸಿ ಬಳಸುತ್ತಿದ್ದರು. ಹೋಟೆಲಿನಲ್ಲಿ ಅರ್ಧ ವಡೆ ತಿಂದು ಇನ್ನರ್ಧವನ್ನು ಸಾಯಂಕಾಲದ ಬಸ್ಸಿಗೆಂದು ಕಾಗದದಲ್ಲಿ ಕಟ್ಟಿಕೊಳ್ಳುತ್ತಿದ್ದರು. ಅವರು ಯಾರಿಗಾದರೂ ಕಾಫಿ ಕುಡಿಸಿದ್ದನ್ನು ಕಂಡವರಿರಲಿಲ್ಲ.

ಹೋಟೆಲ್ ವಿಷಯ ಗೊತ್ತಾದ ದಿನ ಮಾಲಿನಿ ಜಗಳವಾಡಲಿಲ್ಲ. ಟ್ರಂಕಿನಲ್ಲಿ ಮದುವೆ ಉಡುಗೊರೆಯ ಫ್ಲಾಸ್ಕ್ ಒಂದಿತ್ತು, ಹೂವಿನ ಚಿತ್ರದ್ದು. ಅದನ್ನು ತೆಗೆದು ತೊಳೆದು, ನಾಳೆಯಿಂದ ನಾಲ್ಕು ಜನಕ್ಕಾಗುವಷ್ಟು ಕಾಫಿ ಕಳಿಸುತ್ತೇನೆ, ಕುಡಿಸೋದನ್ನ ನಿಲ್ಲಿಸಬೇಡಿ, ಹೋಟೆಲಿಗೆ ಹೋಗೋದನ್ನ ನಿಲ್ಲಿಸಿ ಎಂದಳು. ಅಷ್ಟು ನ್ಯಾಯವಾದ ಮಾತಿಗೆ ಭೀಮರಾಜ್ ಇಲ್ಲ ಅನ್ನುವುದು ಹೇಗೆ?

ಇಲ್ಲ ಅನ್ನಲು ಕಾರಣವಿತ್ತು. ಹೇಳಲು ಬಾಯಿರಲಿಲ್ಲ. ಚಿಕ್ಕವನಿದ್ದಾಗ ಅಪ್ಪ ಗಂಗಯ್ಯನ ಜೊತೆ ಕೂಲಿಗೆ ಹೋಗುತ್ತಿದ್ದ ಊರೊಂದರಲ್ಲಿ ಹೋಟೆಲಿನ ಹೊರಗೋಡೆಗೆ ಒಂದು ಮೊಳೆ ಇತ್ತು. ಅವರ ಕೇರಿಯವರ ಲೋಟಗಳು ಅಲ್ಲಿ ತೂಗುತ್ತಿದ್ದವು. ಅಪ್ಪ ಲೋಟ ಇಳಿಸಿ ಹಿಡಿಯುತ್ತಿದ್ದ, ಮೇಲಿನಿಂದ ಹುಯ್ಯುತ್ತಿದ್ದರು. ಕುಡಿದು, ತೊಳೆದು, ಅದೇ ಮೊಳೆಗೆ ಸಿಕ್ಕಿಸಿ ಬರುತ್ತಿದ್ದ. ಈಗ ಕಾಲ ಬೇರೆ. ಕಚೇರಿಯಲ್ಲಿ ಎಲ್ಲರೂ ಅವನ ಹೆಗಲ ಮೇಲೆ ಕೈಹಾಕಿ ಮಾತಾಡುತ್ತಿದ್ದರು. ಆದರೆ ಹೋಟೆಲಿನ ಕಾಫಿ ಹೋಟೆಲಿನದು, ಲೋಟವೂ ಹೋಟೆಲಿನದು. ಮನೆಯಲ್ಲಿ ಅವ್ವ ಬೆರೆಸಿ, ಹೆಂಡತಿ ಕಾಸಿದ ಕಾಫಿಯನ್ನು ಮೇಜಿನ ಮೇಲಿಟ್ಟು ಬನ್ನಿ ಅಂದರೆ ಯಾರು ಬರುತ್ತಾರೆ, ಯಾರಿಗೆ ಅವತ್ತೇ ಹೊಟ್ಟೆ ಸರಿಯಿರುವುದಿಲ್ಲ? ಅದು ಗೊತ್ತಾಗದೆ ಇರಲೆಂದೇ ಅವನು ಇಷ್ಟು ವರ್ಷ ಬಿಲ್ಲು ಕೊಟ್ಟಿದ್ದ. ಧಾರಾಳತನ ಎಂದು ತಾನೂ ನಂಬಿದ್ದ.

ಹೀಗಾಗಿ ಫ್ಲಾಸ್ಕ್ ಕಚೇರಿಗೆ ಬಂತು, ಚೀಲದಿಂದ ಹೊರಗೆ ಬರಲಿಲ್ಲ. ಹನ್ನೊಂದಕ್ಕೆ ಎಂದಿನಂತೆ ಹೋಟೆಲು, ಎಂದಿನಂತೆ ಬಿಲ್ಲು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಭೀಮರಾಜ್ ಚೀಲ ಹಿಡಿದು ಹಿತ್ತಲ ಹೊಂಗೆ ಮರದ ಹತ್ತಿರ ಹೋಗಿ, ಮುಚ್ಚಳದಲ್ಲಿ ಒಂದಿಷ್ಟು ಕುಡಿದು, ಉಳಿದದ್ದನ್ನು ಬುಡಕ್ಕೆ ಸುರಿಯುತ್ತಿದ್ದ. ಫ್ಲಾಸ್ಕ್ ಖಾಲಿಯಾಗಿ ಮನೆಗೆ ಹೋಗುತ್ತಿತ್ತು. ಮಾಲಿನಿ ಖುಷಿಪಟ್ಟು, ಜನಕ್ಕೆ ರುಚಿ ಹತ್ತಿದೆ ಎಂದು ಹಾಲು ಸ್ವಲ್ಪ ಹೆಚ್ಚು ಹಾಕತೊಡಗಿದಳು. ಉಳಿತಾಯದ ಹೆಸರಿನಲ್ಲಿ ಖರ್ಚು ಎರಡರಷ್ಟಾಯಿತು.

ಯುಗಾದಿ ಹತ್ತಿರ ಬರುತ್ತಿತ್ತು. ಡಬ್ಬಿಯಲ್ಲಿ ದುಡ್ಡು ಕೂಡುತ್ತಿರಲಿಲ್ಲ. ಮಾಲಿನಿ ಸಂತೆಯವರನ್ನು, ಹಾಲಿನವನನ್ನು, ತನ್ನ ಲೆಕ್ಕವನ್ನೇ ಅನುಮಾನಿಸತೊಡಗಿದಳು. ಗಂಡನನ್ನು ಮಾತ್ರ ಅನುಮಾನಿಸಲಿಲ್ಲ. ಭೀಮರಾಜನಿಗೆ ಅದೇ ಹೆಚ್ಚು ಚುಚ್ಚುತ್ತಿತ್ತು.

ಒಂದು ಮಧ್ಯಾಹ್ನ ಅವನು ಫ್ಲಾಸ್ಕ್ ಬಗ್ಗಿಸಿ ನಿಂತಿದ್ದಾಗ ಊಟದ ಡಬ್ಬಿ ತೊಳೆಯಲು ಗಂಗಾಧರಯ್ಯ ನಲ್ಲಿಯ ಹತ್ತಿರ ಬಂದರು. ನೋಡಿದರು. ಡಬ್ಬಿ ತೊಳೆಯುವುದು ಮರೆತುಹೋಯಿತು.

"ಏನಯ್ಯ ಅದು?"

"ಏನಿಲ್ಲ ಸಾರ್. ಕಾಫಿ. ಮಿಕ್ಕಿತ್ತು."

"ಕೆಟ್ಟುಹೋಗಿತ್ತಾ?"

ಇಲ್ಲ ಎಂದು ಭೀಮರಾಜನ ಬಾಯಿಂದ ನಿಜ ಬಂದುಬಿಟ್ಟಿತು. ಗಂಗಾಧರಯ್ಯನವರ ಮುಖ ಕೆಂಪಾಯಿತು. ಕಚೇರಿಯಲ್ಲಿ ಫೈಲು ಕಳೆದಾಗಲೂ ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ಅವನು ಕಂಡಿರಲಿಲ್ಲ.

"ಹಾಲು ಸಕ್ಕರೆ ಹಾಕಿದ ಕಾಫೀನ ಮರಕ್ಕೆ ಕುಡಿಸ್ತಿದ್ದೀಯಲ್ಲೋ. ಮರ ಬಂದು ಕೇಳ್ತಾ ನಿನ್ನ? ಇಲ್ಲಿ ನಾನು ಬದುಕಿದ್ದೀನಿ."

ಮುಚ್ಚಳವನ್ನು ಅವನ ಕೈಯಿಂದ ಕಿತ್ತುಕೊಂಡು ಮುಂದೆ ಹಿಡಿದರು. ಭೀಮರಾಜ್ ಹುಯ್ದ. ಅವರು ನಿಂತಲ್ಲೇ ಕುಡಿದು, ಬಾಯಿ ಚಪ್ಪರಿಸಿ, ರಾಗಿ ಬೆರೆಸಿದ್ದಾರೆ ಅಲ್ಲವೇ ಎಂದರು. ಎಷ್ಟಕ್ಕೆ ಎಷ್ಟು ಎಂದು ಮನೆಯಲ್ಲಿ ಕೇಳಿಕೊಂಡು ಬರಬೇಕೆಂದೂ, ನಾಳೆಯಿಂದ ಹೋಟೆಲಿಗೆ ಹೋಗುವ ಹುಚ್ಚು ಬೇಡವೆಂದೂ ಹೇಳಿ ಹೋದರು.

ಮಾರನೇ ದಿನ ಫ್ಲಾಸ್ಕ್ ಮೊದಲ ಸಲ ಮೇಜಿನ ಮೇಲೆ ಕೂತಿತು. ಪಕ್ಕದ ಮೇಜಿನ ತಮ್ಮಯ್ಯ ನೀರು ಕುಡಿಯುವ ಗ್ಲಾಸನ್ನೇ ಮುಂದೆ ಚಾಚಿದ. ಏನೂ ಆಗಲಿಲ್ಲ. ಭೀಮರಾಜನ ಎದೆ ಹಗುರಾಗುತ್ತಿದ್ದಂತೆ ಗಂಗಾಧರಯ್ಯ ತಮ್ಮ ಚೀಲದಿಂದ ಕಾಗದ ಸುತ್ತಿದ ಸ್ಟೀಲ್ ಲೋಟವೊಂದನ್ನು ತೆಗೆದರು. ಮನೆಯಿಂದ ತಂದದ್ದು. ಕುಡಿದರು, ತಾವೇ ತೊಳೆದರು, ಕಿಟಕಿಯ ಹತ್ತಿರದ ಮೊಳೆಗೆ ಸಿಕ್ಕಿಸಿದರು.

ಭೀಮರಾಜ್ ಸಾಯಂಕಾಲದವರೆಗೂ ಆ ಮೊಳೆ ನೋಡುತ್ತ ಕೂತ.

ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಹೋಟೆಲು, ಹೊಂಗೆ ಮರ, ಅಪ್ಪನ ಲೋಟ, ಈ ಲೋಟ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಮಾಲಿನಿಗೆ ಸಾರಿನ ಬಟ್ಟಲುಗಳು ಬಾಗಿಲಿಂದ ಬಾಗಿಲಿಗೆ ಓಡಾಡುವುದಷ್ಟೇ ಗೊತ್ತಿತ್ತು. ಕಾಫಿ ಮರಕ್ಕೆ ಹೋಯಿತೆಂದಾಗ ಅವಳ ಕಣ್ಣು ತುಂಬಿತು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

"ರೀ, ಆ ಲೋಟ ಎಷ್ಟು ದೊಡ್ಡದು?"

ಅವನು ಕೈಯಲ್ಲಿ ತೋರಿಸಿದ. ಮಜ್ಜಿಗೆ ಕುಡಿಯುವ ಲೋಟ. ಅವಳು ಸೆರಗನ್ನು ಬಾಯಿಗೆ ಒತ್ತಿ ನಕ್ಕಳು. ಮುಚ್ಚಳದಲ್ಲಿ ಎಷ್ಟು ಮಹಾ ಹಿಡಿಯುತ್ತದೆ, ಹೆಚ್ಚು ಕಾಫಿ ಸಿಗಲಿ ಅಂತಲೇ ಲೋಟ ತಂದಿದ್ದಾರೆ ಅಂದಳು.

ದೇವೀರಮ್ಮ ನಗಲಿಲ್ಲ. ಮೊರದಲ್ಲಿದ್ದ ರಾಗಿಯಿಂದ ಕಲ್ಲು ಆರಿಸುತ್ತಲೇ ಅಂದಳು: "ನಿಮ್ಮಪ್ಪ ಕಾಸೂ ಕೊಟ್ಟು ಲೋಟಾನೂ ತೊಳೀತಿದ್ದ. ಈವಯ್ಯ ಬಿಟ್ಟಿ ಕಾಫಿಗೆ ಮನೆಯಿಂದ ಲೋಟ ಹೊತ್ಕೊಂಡು ಬತ್ತಾನೆ, ತೊಳ್ಕೊಂಡೂ ಹೋಗ್ತಾನೆ. ನಿಂಗ್ಯಾಕ್ಲಾ ಸಂಕಟ? ಅವ್ನ ಮನ್ಸು ತಿಳೀಲೇಬೇಕು ಅಂದ್ರೆ ಅವ್ನ ಲೋಟದಾಗೆ ನೀನು ಕುಡ್ದು ನೋಡು."

ಭೀಮರಾಜ್ ಅದನ್ನು ಮನಸ್ಸಿನಲ್ಲೇ ಹೊತ್ತುಕೊಂಡು ಮರುದಿನ ಕಚೇರಿಗೆ ಹೋದ. ಹನ್ನೊಂದಾಯಿತು. ಎದ್ದು ಹೋಗಿ ಮೊಳೆಯಿಂದ ಸ್ಟೀಲ್ ಲೋಟ ಇಳಿಸಿದ. ತಮ್ಮಯ್ಯ ತಲೆ ಎತ್ತಿದ. ಭೀಮರಾಜ್ ಅದಕ್ಕೆ ಕಾಫಿ ಬಗ್ಗಿಸಿಕೊಂಡು, ಗಂಗಾಧರಯ್ಯನವರ ಎದುರಿಗೇ ಕೂತು, ಅಂಚಿಗೆ ತುಟಿ ಹಚ್ಚಿ ಕುಡಿಯತೊಡಗಿದ. ತಳದಲ್ಲಿ ಒಂದೆರಡು ಗುಟುಕು ಉಳಿದಿರುವಾಗ ಲೋಟವನ್ನು ಅವರ ಮುಂದಿಟ್ಟ.

"ತಗೊಳ್ಳಿ ಸಾರ್. ನಿಮಗೂ ಹಾಕ್ತೀನಿ."

ಗಂಗಾಧರಯ್ಯ ಲೋಟ ನೋಡಿದರು. ಅಂಚು ನೋಡಿದರು, ಒಳಗೆ ಇಣುಕಿದರು. ನಲ್ಲಿ ದೂರವಿರಲಿಲ್ಲ. ಲೋಟ ತೆಗೆದುಕೊಂಡು ಅರ್ಧ ಎದ್ದರು ಕೂಡ. ಎದ್ದವರು ಹಾಗೇ ನಿಂತರು. ತೊಳೆಯಬೇಕೆಂದರೆ ತಳದಲ್ಲಿದ್ದ ಕಾಫಿ ಚೆಲ್ಲಬೇಕು. ಒಳ್ಳೆಯ ಕಾಫಿ, ಇನ್ನೂ ಬೆಚ್ಚಗಿತ್ತು. ಅವರ ಮುಖದಲ್ಲಿ ಏನೇನು ಹಾದುಹೋಯಿತೋ, ಭೀಮರಾಜ್ ಅದನ್ನೆಲ್ಲ ಓದಲು ಹೋಗಲಿಲ್ಲ. ಫ್ಲಾಸ್ಕ್ ಹಿಡಿದು ಕೂತಿದ್ದ.

ಅವರು ಕುರ್ಚಿಗೆ ಕುಸಿದು ಲೋಟ ಮುಂದೆ ಚಾಚಿದರು. "ಅದರ ಮೇಲೇ ಹುಯ್ಯಿ. ಯಾಕೆ ದಂಡ ಮಾಡೋದು."

ಹುಯ್ದ. ಅವರು ಕುಡಿದರು.

ಗೆದ್ದದ್ದು ಸ್ನೇಹವೋ ಜಿಪುಣತನವೋ ಎಂದು ಭೀಮರಾಜ್ ಆಮೇಲೂ ಒಂದೆರಡು ಸಲ ಯೋಚಿಸಿದ. ಯಾವುದಾದರೂ ಇರಲಿ, ಆ ಲೋಟ ಮತ್ತೆ ಮೊಳೆಗೆ ಏರಲಿಲ್ಲ. ಫ್ಲಾಸ್ಕಿನ ಪಕ್ಕದಲ್ಲೇ ಇರುತ್ತಿತ್ತು, ಯಾರು ಮೊದಲು ಬಂದರೆ ಅವರಿಗೆ. ತಮ್ಮಯ್ಯ ಮೊದಲು ಬಂದ ದಿನ ಗಂಗಾಧರಯ್ಯನವರಿಗೆ ಮುಚ್ಚಳವೇ ಗತಿಯಾಗುತ್ತಿತ್ತು, ಆಗ ಗೊಣಗುತ್ತಿದ್ದರು.

ಯುಗಾದಿಗೆ ಮೊದಲೇ ಡಿಪಾಸಿಟ್ ಕಟ್ಟಿದ್ದಾಯಿತು. ಕೊನೆಯಲ್ಲಿ ಕಡಿಮೆ ಬಿದ್ದದ್ದಕ್ಕೆ ದೇವೀರಮ್ಮ ತನ್ನ ಎಲೆಅಡಿಕೆ ಚೀಲದ ಒಳಜೇಬನ್ನು ಬಿಚ್ಚಿದಳು. ಸಿಲಿಂಡರು ಬಂದ ದಿನ ಮಾಲಿನಿ ನೀಲಿ ಉರಿಯನ್ನು ಸಣ್ಣ ಮಾಡಿ, ದೊಡ್ಡ ಮಾಡಿ, ಮತ್ತೆ ಸಣ್ಣ ಮಾಡಿ ನೋಡಿದಳು. ಎಷ್ಟು ಸಣ್ಣದರಲ್ಲಿ ಹಾಲು ಕಾಯುತ್ತದೆ ಎಂದು ಅವಳ ಹೊಸ ಆಟ ಶುರುವಾಗಿತ್ತು.

ಮರುದಿನ ಗಂಗಾಧರಯ್ಯ ಮೊದಲ ಗುಟುಕಿಗೇ ಹುಬ್ಬು ಗಂಟಿಕ್ಕಿದರು.

"ಏನೋ ಕಮ್ಮಿ ಆಗಿದೆಯಲ್ಲಯ್ಯ. ರಾಗಿ ಕಡಿಮೆ ಮಾಡಿದರಾ ನಿಮ್ಮ ತಾಯಿ?"

"ಇಲ್ಲ ಸಾರ್. ಸೀಮೆಎಣ್ಣೆ."

ಅವರು ಇನ್ನೊಂದು ಗುಟುಕು ಬಾಯಲ್ಲಿಟ್ಟುಕೊಂಡು ಯೋಚಿಸಿದರು. ಹಳೇ ರುಚಿಯೇ ಚೆನ್ನಾಗಿತ್ತು ಎಂದರು. ಆದರೂ ಲೋಟವನ್ನು ಇನ್ನೊಂದು ಸಲ ಚಾಚಿದರು.