ಒಪ್ಪಿಗೆಯ ಚಪ್ಪಾಳೆ

“ನಾನ್ ಯಾವಾಗ್ ಒಪ್ದೆ ಸಾರ್? ಬಾಯಾದ್ರೂ ಬಿಟ್ನಾ?” ನಯಾಜ್ ಅಹಮದ್ ಮೇಜು ಗುದ್ದಿದ.

“ಎಲ್ರ ಜೊತೆ ಚಪ್ಪಾಳೆ ತಟ್ಟಿದ್ರಲ್ರೀ!” ಅಧಿಕಾರಿ ಕಿರಣ್‌ಕುಮಾರ್ ಅದಕ್ಕಿಂತ ಜೋರಾಗಿ ಕಿರುಚಿದ.

“ಶಾಲು ಹೊದ್ಸಿದ್ರಿ, ತಟ್ದೆ. ನನ್ ಒಲೆ ಆರ್ಸೋಕೆ ತಟ್ಟಿಸ್ಕೊಂತಿದೀರಾ ಅಂತ ಕನ್ಸ್ ಬಿದ್ದಿತ್ತಾ?”

ನಯಾಜ್ ಕಲಾಯಿ ಹಾಕುವವನು. ತುಮಕೂರಿನ ಸದಾಶಿವನಗರದ ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಅವನ ಇದ್ದಿಲ ಒಲೆ. ಹೆಂಡತಿ ಮುನವ್ವರಾ ತಿದಿ ಒತ್ತಬೇಕು, ಇವನು ಕಾದ ತಾಮ್ರದ ಪಾತ್ರೆಗೆ ತವರ ಸವರಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಅದೇ ಅವರ ಅನ್ನ.

2009ರ ಬೇಸಿಗೆಯಲ್ಲಿ ಊರಿನ ಸೆಕೆ ತಗ್ಗಿಸಲು ಯೋಜನೆ ಬಂತು. ಜನರನ್ನು ಕೇಳಿಯೇ ಮಾಡಬೇಕೆಂದು ಮೇಲಿನವರ ಆಜ್ಞೆ. ಸಭೆ ಕರೆದು ಕೇಳಿದರು. ಹೇಗೆಂದರೆ, ಇಟ್ಟಿಗೆ ಗೂಡಿನ ಒಡೆಯ ರುದ್ರಯ್ಯನವರಿಗೆ ಮೈಕು ಕೊಟ್ಟರು, ನಯಾಜನಿಗೆ ಶಾಲು ಕೊಟ್ಟರು. ಹಳೇ ಪಾತ್ರೆ ಉಳಿಸುವ ‘ಪರಿಸರ ಮಿತ್ರ’ ಎಂದು ಹೊಗಳಿ ಹಾರ ಹಾಕಿದರು. ಸಭೆ ಚಪ್ಪಾಳೆ ತಟ್ಟಿತು. ಖುಷಿಗೆ ನಯಾಜನೂ ತಟ್ಟಿದ. ಆ ಸದ್ದಿನ ನಡುವೆಯೇ, ರಸ್ತೆ ಬದಿಯ ಇದ್ದಿಲ ಒಲೆಗಳನ್ನೆಲ್ಲ ಎತ್ತಿಸುವುದೆಂದು ಓದಿ ಮುಗಿಸಿದರು. ಚಪ್ಪಾಳೆ ನಿಂತಿರಲಿಲ್ಲ. ಸರ್ವಾನುಮತವಾಯಿತು.

“ಊರಿನ್ ಒಳ್ಳೇದಕ್ಕೆ ಒಂಚೂರ್ ತ್ಯಾಗ ಮಾಡ್ಬೇಕು ಸಾಬ್ರೇ,” ಎಂದರು ರುದ್ರಯ್ಯ.

“ಮೊದ್ಲು ನಿಮ್ ಗೂಡು ಆರ್ಸಿ!”

“ಅದು ಊರಾಚೆ ಐತಲ್ಲಪ್ಪಾ. ಪ್ಲಾನ್ ಇರೋದು ಊರೊಳಿಕ್ಕೆ.”

ಹಿಂದಿನ ಸಾಲಿನಿಂದ ಮುನವ್ವರಾ ಎದ್ದಳು. “ನಿಮ್ ಹೊಗೆಗೆ ಅದು ಗೊತ್ತಾ ಯಜಮಾನ್ರೇ? ದಿನಾ ಊರೊಳಿಕ್ ಬಂದು ನಾನ್ ಒಣಗಾಕಿದ್ ಬಟ್ಟೆ ಮೇಲೆ ಕೂತ್ಕೊಳ್ಳುತ್ತೆ!”

ಸಭೆ ನಕ್ಕಿತು. ತಮಾಷೆ ಇರಬೇಕೆಂದು ರುದ್ರಯ್ಯನವರೂ ನಕ್ಕರು.

“ಅಮ್ಮಾ, ನಿಮ್ ಸಲಹೆ ಬರ್ಕೊಂಡಿದೀವಿ. ಊಟ ರೆಡಿ ಇದೆ,” ಎಂದ ಕಿರಣ್‌ಕುಮಾರ್.

“ನಾಳೆಯಿಂದ ಊಟ ಯಾರ್ ಹಾಕ್ತಾರೆ, ನಿಮ್ಮಪ್ಪನಾ?”

ಮನೆಯಲ್ಲಿ ಉರ್ದು ಆಡುವವಳು, ಎಲ್ಲರಿಗೂ ಕೇಳಲೆಂದೇ ಗಂಡನನ್ನೂ ಕನ್ನಡದಲ್ಲಿ ಬೈದಳು: “ಏನ್ರೀ, ಮದ್ವೆ ಗಂಡಿನ್ ಥರ ನಿಂತಿದೀರಲ್ಲ? ನಾಳೆನೂ ಅಲ್ಲೇ ಒಲೆ ಹಚ್ತೀನಿ. ಕಿತ್ತಾಕೋರು ನನ್ ಮುಂದೆ ಬಂದು ಕಿತ್ತಾಕ್ಲಿ. ನೀವ್ ಬರೋದಿದ್ರೆ ಬನ್ನಿ.”

ಹೊರಟೇಬಿಟ್ಟಳು. ನಯಾಜ್ ಹಾರ, ಶಾಲು ಎರಡನ್ನೂ ಮೇಜಿನ ಮೇಲೆ ಎಸೆದು ಹಿಂದೆಯೇ ನಡೆದ.

“ರೀ, ಗ್ರೂಪ್ ಫೋಟೋ ಇದೆ! ಕೆಲ್ಸ ಮಾಡೋ ಹೆಂಗಸ್ರು ಒಬ್ರಾದ್ರೂ ಇರ್ಬೇಕು, ವಾಪಸ್ ಕರೀರಿ!” ಕಿರಣ್‌ಕುಮಾರ್ ಬಾಗಿಲವರೆಗೆ ಓಡಿದ.

ಕಾದರು. ಅನ್ನ ಆರಿತು. ಮುನವ್ವರಾ ಬರಲಿಲ್ಲ. ಕೊನೆಗೆ, ಗಂಡನನ್ನು ಕರೆದೊಯ್ಯಲು ಕಾರಿನಲ್ಲಿ ಬಂದ ರುದ್ರಯ್ಯನವರ ಹೆಂಡತಿ ಉಮಾಮಹೇಶ್ವರಿಯನ್ನು ಮುನವ್ವರಾಗೆಂದು ಬಿಟ್ಟಿದ್ದ ಕುರ್ಚಿಯಲ್ಲಿ ಕೂರಿಸಿ, ದುಡಿಯುವ ಮಹಿಳೆಯರ ಪ್ರತಿನಿಧಿ ಎಂದು ಫೋಟೋ ಹೊಡೆದರು.